ಮಯೋನೀಸಿನ ಮೂಲವೂ ನನ್ನ ಬಿ.ಎ. ಪದವಿಯೂ

ಹರಪನಹಳ್ಳಿ ಬಸ್ ನಿಲ್ದಾಣದ ಎದುರಿನ ಬೇಕರಿಯಲ್ಲಿ ಮೊನ್ನೆ, ದಿಲ್‌ಪಸಂದಿಗೂ ಬೆಣ್ಣೆ ಬಿಸ್ಕತ್ತಿಗೂ ನಡುವೆ, ಅಗಲ ಬಾಯಿಯ ಒಂದು ಸೀಸೆ ಬಂದು ಕೂತಿತ್ತು. ಒಳಗಿದ್ದದ್ದು ಬೆಳ್ಳಗೆ, ಮೆತ್ತಗೆ, ಮಿರಮಿರ ಮಿಂಚುತ್ತಿತ್ತು. ಅದನ್ನು ಕಂಡೊಡನೆ ನನ್ನ ಕೈ ತಾನಾಗಿಯೇ ತುಟಿಯ ಮೇಲೆ ಹೋಯಿತು. ಅಲ್ಲಿ ಏನೂ ಮೆತ್ತಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಕೆಳಗಿಳಿಯಿತು. ಬೇಕರಿಯ ತಿಪ್ಪೇಸ್ವಾಮಿ ನನ್ನ ಹಳೆಯ ವಿದ್ಯಾರ್ಥಿ. ನನ್ನನ್ನು ನೋಡಿದವನೇ ಸೀಸೆಯನ್ನು ಹೊರಗೆ ತೆಗೆದ.

"ಸಾರ್, ಏಜೆಂಟ್ ಕೊಟ್ಟು ಹೋಗ್ಯಾನ್ರಿ. ಮಯೋನೀಸ್ ಅಂತ. ಬ್ರೆಡ್ಡಿಗೆ ಹಚ್ಚಬೇಕಂತ. ಇದು ಏನು, ಎಲ್ಲಿಂದ ಬಂತು ಅಂತ ಗಿರಾಕಿಗಳು ಕೇಳ್ತಾರ. ನೀವು ಹೇಳ್ರಿ, ಓದಿದೋರು."

ಅವನ ಪ್ರಶ್ನೆ ಅಲ್ಲೇ ಗಲ್ಲಾಪೆಟ್ಟಿಗೆಯ ಮೇಲೆ ಸ್ವಲ್ಪ ಹೊತ್ತು ಕೂತಿರಲಿ. ಅದಕ್ಕಿಂತ ಮೊದಲು ಆ 'ಓದಿದೋರು' ಎಂಬ ಬಹುವಚನದ ವಿಷಯವನ್ನು ನಿಮಗೆ ಹೇಳಬೇಕು.

ಕೂಡ್ಲಿಗಿ ತಾಲೂಕಿನ ನಮ್ಮ ಹಳ್ಳಿಯಲ್ಲಿ, ನಮ್ಮ ವಂಶದಲ್ಲಿ ನಾವು ಬಲ್ಲಷ್ಟು ತಲೆಮಾರುಗಳಲ್ಲಿ, ಹೆಬ್ಬೆಟ್ಟನ್ನು ಮಸಿಯಿಂದ ಬಿಡಿಸಿಕೊಂಡವನು ನಾನೇ ಮೊದಲಿಗ. ಕೊಟ್ಟೂರಿನ ಕಾಲೇಜಿನಲ್ಲಿ ಬಿ.ಎ. ಓದಿದೆ, ಎರಡನೆಯ ವರ್ಷ ಇಂಗ್ಲಿಷಿನಲ್ಲಿ ಮುಗ್ಗರಿಸಿ ಬಿದ್ದರೂ ಧೂಳು ಕೊಡವಿಕೊಂಡು ಎದ್ದು ಮುಗಿಸಿದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹೇಳಿಕೊಳ್ಳದಿದ್ದರೆ ಉಂಡ ಅನ್ನ ಅರಗುವುದಿಲ್ಲ. ಅಂದಿನಿಂದ ಮಾತ್ರೆಯ ಚೀಟಿ, ಗೊಬ್ಬರದ ಚೀಲ, ಪಂಪ್‌ಸೆಟ್ಟಿನ ಜತೆ ಬಂದ ಪುಸ್ತಿಕೆ, ಹೀಗೆ ಅಕ್ಷರವಿದ್ದ ಸಕಲ ವಸ್ತುಗಳೂ ಅರ್ಥವಾಗಲೆಂದು ನನ್ನ ಮುಂದೆ ಬರತೊಡಗಿದವು. ಒಮ್ಮೆ ಯಾವುದಕ್ಕೋ "ಗೊತ್ತಿಲ್ಲ" ಅಂದೆ. ಅಪ್ಪ ಬೀಡಿ ಕೆಳಗಿಳಿಸಿ, "ಲೇ, ಓದಿದಾವನಾ ಗೊತ್ತಿಲ್ಲ ಅಂದ್ರ, ಓದದ ನಾವು ಏನನ್ನಬೇಕೋ?" ಎಂದ. ಆ ಕ್ಷಣವೇ ಆ ಪದವನ್ನು ನನ್ನ ಶಬ್ದಕೋಶದಿಂದ ಬಹಿಷ್ಕರಿಸಿದೆ. ಗೊತ್ತಿಲ್ಲದ್ದನ್ನು ಗೊತ್ತಿರುವವನ ಗಾಂಭೀರ್ಯದಿಂದ ಹೇಳುವುದೇ ಪದವಿಯ ಲಕ್ಷಣವೆಂದು ನಂಬಿ, ಊರ ಮಂದಿಗೆ ಎಷ್ಟು ಗೊಬ್ಬರ ಯಾವಾಗ ಹಾಕಬೇಕೆಂದು ಕೂಡ ಅಪ್ಪಣೆ ಕೊಟ್ಟೆ.

ಇದೇ ವ್ಯಾಧಿ ನನ್ನನ್ನು ಹಿಮಾಲಯಕ್ಕೆ ಕಳಿಸಿತು. ತೊಂಬತ್ತರ ದಶಕದ ನಡುವೆ ಹರಪನಹಳ್ಳಿ ತಾಲೂಕಿನ ಅರಸೀಕೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ದೈಹಿಕ ಶಿಕ್ಷಕನಾಗಿದ್ದಾಗ ಒಂದು ಸುತ್ತೋಲೆ ಬಂತು: ಹಿಮದ ಮೇಲೆ ಜಾರುವ ಆಟದಲ್ಲಿ ಎರಡು ವಾರದ ತರಬೇತಿ, ಆಸಕ್ತರು ಹೆಸರು ಕೊಡಬಹುದು. "ಸ್ಕೀಯಿಂಗ್ ಅಂದ್ರ ಗೊತ್ತೇನ್ರಿ ನಿಮಗ?" ಎಂದು ಹೆಡ್‌ಮಾಸ್ಟರು ಕೇಳಿದರು. ನಮ್ಮ ಸೀಮೆಯಲ್ಲಿ ಮಂಜುಗಡ್ಡೆ ಕಾಣುತ್ತಿದ್ದದ್ದು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬರುವ ಐಸ್‌ಕ್ಯಾಂಡಿ ಡಬ್ಬಿಯೊಳಗೆ ಮಾತ್ರ. ಆದರೂ ನನ್ನ ಬಾಯಿ, ನನ್ನನ್ನು ಕೇಳದೆಯೇ, "ಗೊತ್ತು ಸಾರ್" ಅಂದುಬಿಟ್ಟಿತು.

ಹೊರಡುವ ಮುಂಚೆ ಅವ್ವ ತಡೆದಳು. ಕಾರಣವಿತ್ತು. ನನ್ನ ಕೊನೆಯ ಪರೀಕ್ಷೆಗೆ ಮೊದಲು ಆಕೆ ಕೊಟ್ಟೂರಿನ ಸ್ವಾಮಿಗೆ ಒಂದು ಹರಕೆ ಹೊತ್ತಿದ್ದಳು: ಮಗ ಪಾಸಾದರೆ ಮನೆಯ ಮೂವರೂ ಏಳು ವರ್ಷ ಮಾಂಸ, ತತ್ತಿ ಮುಟ್ಟುವುದಿಲ್ಲ. ಹರಕೆ ಹೊರುವಾಗ ಉಳಿದಿಬ್ಬರನ್ನು ಕೇಳಿರಲಿಲ್ಲ. ಫಲಿತಾಂಶ ಬಂದ ದಿನ ಅಪ್ಪ ನನ್ನ ಬೆನ್ನು ತಟ್ಟಿ, ಅಂಗಳದ ಕೋಳಿಯನ್ನೊಮ್ಮೆ ನೋಡಿ, "ನೀ ಪಾಸಾದಿ, ನಾ ಫೇಲಾದ್ನೆಪ್ಪಾ" ಅಂದಿದ್ದ. ಈಗ ಏಳರಲ್ಲಿ ಮೂರು ವರ್ಷ ಕಳೆದಿದ್ದವು. ಅವ್ವ ನಲವತ್ತು ಕಟಕು ರೊಟ್ಟಿ, ಒಂದು ಸೇರು ಶೇಂಗಾ ಚಟ್ನಿಪುಡಿ ಗಂಟು ಕಟ್ಟಿ ಕೈಗಿಟ್ಟು, "ಅಲ್ಲಿ ಏನು ಕೊಡ್ತಾರೋ ಏನೋ. ತತ್ತಿ ಗಿತ್ತಿ ಬಾಯಾಗ ಹೋತಂದ್ರ ಆ ಡಿಗ್ರಿ ನಿಂದಲ್ಲ, ತಿಳ್ಕ" ಎಂದಳು. ಹೀಗೆ ವಿಶ್ವವಿದ್ಯಾಲಯದ ಮೊಹರು ಬಿದ್ದ ನನ್ನ ಪದವಿ ಒಂದು ತತ್ತಿಯ ಚಿಪ್ಪಿನ ಮೇಲೆ ನಿಂತುಕೊಂಡಿತು.

ಹಿಮದಲ್ಲಿ ನಾನು ಮಾಡಿದ ಸಾಧನೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ: ಬಿದ್ದೆ. ಮುಂದಕ್ಕೆ ಬಿದ್ದೆ, ಹಿಂದಕ್ಕೆ ಬಿದ್ದೆ, ನಿಂತಲ್ಲಿಯೇ ಬಿದ್ದೆ. ಮಧ್ಯಾಹ್ನದ ಬಿಸಿಲಿಗೆ ಹಿಮ ಮೆತ್ತಗಾಗಿ ಜಾರುಹಲಗೆಗಳು ಹೂತುಕೊಂಡಾಗ, ಪಳಗಿದ ಹುಡುಗರು "ಇವತ್ತು ಬರೀ ಮಯೋನೀಸ್" ಎಂದು ಗೊಣಗುತ್ತಿದ್ದರು. ಅದೊಂದು ಜಾತಿಯ ಹಿಮವಿರಬೇಕೆಂದು ತೀರ್ಮಾನಿಸಿ ನಾನೂ ತಲೆಯಾಡಿಸಿದೆ. ಕೇಳಬಹುದಿತ್ತು. ಆದರೆ ಕೇಳುವುದೆಂದರೆ ಗೊತ್ತಿಲ್ಲವೆಂದು ಒಪ್ಪಿಕೊಂಡಂತೆ.

ಒಂದು ದಿನ ರಾತ್ರಿಯೂಟಕ್ಕೆ ಮೇಜಿನ ಮೇಲೆ ಒಂದು ಬೋಗುಣಿ ಬೆಣ್ಣೆ ಬಂತು. ಬೆಣ್ಣೆಯ ವಿಷಯದಲ್ಲಿ ನಾನು ಅಧಿಕಾರವಾಣಿಯಿಂದ ಮಾತಾಡಬಲ್ಲವನು. ಕೊಟ್ಟೂರಿನಲ್ಲಿ ಓದುವಾಗ ಅವ್ವ ದಿನಾ ಬೆಳಗಿನ ಬಸ್ಸಿಗೆ ಬುತ್ತಿ ಇಡುತ್ತಿದ್ದಳು. ನಮ್ಮ ಕಡೆ ಓದುವ ಹುಡುಗರಿಗೆ ಹಳ್ಳಿಯಿಂದ ಬರುವ ಬಸ್ಸೇ ಅನ್ನಪೂರ್ಣೆ. ಡ್ರೈವರನ ಪಕ್ಕದ ಸುಡುವ ಬಾನೆಟ್ಟಿನ ಮೇಲೆ ಕೂತು ಬಂದ ನನ್ನ ಗಂಟಿನಲ್ಲಿ ರೊಟ್ಟಿ, ಪಲ್ಯ, ಪುಟ್ಟ ಡಬ್ಬಿಯ ತುಂಬ ಬೆಳ್ಳನೆಯ ಬೆಣ್ಣೆ. ಉಳಿದವರ ಬೆಣ್ಣೆ ಕರಗಿ ತುಪ್ಪವಾಗುತ್ತಿದ್ದರೆ ನನ್ನದು ಗಟ್ಟಿಯಾಗಿಯೇ ನಿಂತಿರುತ್ತಿತ್ತು. "ನಮ್ಮ ಎಮ್ಮೀದು ನೋಡ್ರಲೇ, ಬಾನೆಟ್ಟಿಗೂ ಕರಗಂಗಿಲ್ಲ" ಎಂದು ಡಬ್ಬಿಯನ್ನು ಸುತ್ತ ತಿರುಗಿಸಿ ತೋರಿಸುತ್ತಿದ್ದೆ. ಇಂಥ ಪರಂಪರೆಯ ನಾನು ಆ ಬೋಗುಣಿಯಿಂದ ನಿಂಬೆಹಣ್ಣಿನ ಗಾತ್ರದ ಎರಡು ಮುದ್ದೆ ರೊಟ್ಟಿಗೆ ಹಾಕಿಕೊಂಡು, ಚಟ್ನಿಪುಡಿ ಉದುರಿಸಿ ತಿಂದೆ. ಸ್ವಲ್ಪ ಹುಳಿಯಾಗಿತ್ತು. ಚಳಿಗೆ ಇಲ್ಲಿಯ ಎಮ್ಮೆಗಳು ಹೀಗೆಯೇ ಕೊಡುತ್ತವೆ ಎಂದು ಪದವೀಧರನಿಗೆ ಹೊಳೆಯಿತು. ಇನ್ನೊಂದಿಷ್ಟನ್ನು ಚಟ್ನಿಯ ಡಬ್ಬಿಯ ಮುಚ್ಚಳದೊಳಗೆ ತುಂಬಿಕೊಂಡೆ. ಮಾಗಿಯಲ್ಲಿ ತುಟಿ ಒಡೆದರೆ, ಕೆನ್ನೆ ಬಿರಿದರೆ ನಮ್ಮ ಅವ್ವಂದಿರು ಬೆಣ್ಣೆ ಸವರುತ್ತಾರೆ. ನನ್ನ ಮುಖವೋ ಆ ಹೊತ್ತಿಗೆ ಬೇಸಿಗೆಯ ಕೆರೆಯಂಗಳವಾಗಿತ್ತು.

ಮರುದಿನ ಬೆಳಿಗ್ಗೆ ತುಟಿಗೆ, ಮೂಗಿಗೆ, ಎರಡೂ ಕೆನ್ನೆಗೆ ಧಾರಾಳವಾಗಿ ಬಳಿದುಕೊಂಡು ಇಳಿಜಾರಿಗೆ ಹೋದೆ. ಯಾರಿಗೂ ಸಂಶಯ ಬರಲಿಲ್ಲ, ಯಾಕೆಂದರೆ ಅಲ್ಲಿ ಎಲ್ಲರೂ ಬಿಸಿಲಿಗೆಂದು ಮೂಗಿಗೆ ಬಿಳಿಯ ಮುಲಾಮು ಹಚ್ಚಿಕೊಂಡೇ ಬರುತ್ತಿದ್ದರು. ಜೀವನದಲ್ಲಿ ಮೊದಲ ಸಲ ನಾನು ಪಳಗಿದವನಂತೆ ಕಂಡೆ. ಹತ್ತು ಮಾರು ಬೀಳದೆ ಜಾರಿದೆ ಕೂಡ. ಆಗ ಚಹಾದಂಗಡಿಯ ಜೂಲುನಾಯಿ ಓಡಿಬಂತು. ಅದು ಇಪ್ಪತ್ತು ಬಿಳಿಯ ಮೂಗುಗಳನ್ನು ದಾಟಿ ನೇರ ನನ್ನ ಬಳಿಗೇ ಬಂದು, ಎರಡೂ ಮುಂಗಾಲನ್ನು ನನ್ನ ಎದೆಯ ಮೇಲಿಟ್ಟು ಕೆಡವಿ, ನನ್ನ ಮುಖವನ್ನು ಪಾತ್ರೆ ತೊಳೆದಷ್ಟು ಶ್ರದ್ಧೆಯಿಂದ ನೆಕ್ಕತೊಡಗಿತು.

ಓಡಿ ಬಂದವರಲ್ಲಿ ಅಮೃತಸರದ ಗುರ್‌ಪ್ರೀತ್ ಎಂಬ ಹುಡುಗ ನನ್ನ ಕೆನ್ನೆಗೆ ಬೆರಳಿಟ್ಟು ಮೂಸಿ, "ಮಾಸ್ಟರ್‌ಜೀ, ಇದು ಮಯೋನೀಸ್ ಅಲ್ಲವೇ?" ಎಂದ.

"ಹೌದು ಮತ್ತೆ, ಬೆಳಿಗ್ಗೆಯಿಂದ ಎರಡು ಸಲ ಅದರೊಳಗೇ ಬಿದ್ದೆ" ಎಂದೆ.

ಆ ಬೆಟ್ಟ ಅಷ್ಟು ನಗುವನ್ನು ಹಿಂದೆಂದೂ ಕೇಳಿರಲಿಕ್ಕಿಲ್ಲ.

ಸಂಜೆ ಒಲೆಯ ಸುತ್ತ ಕೂತಾಗ ಅದೇ ಪುರಾಣ. ಗುರ್‌ಪ್ರೀತ್ ಹೇಳಿದ: ಅವನ ಮುತ್ತಜ್ಜಿ ಲಸ್ಸಿ ಕಡೆಯುವಾಗ ಕೋಳಿಯೊಂದು ಗಡಿಗೆಯ ಅಂಚಿನ ಮೇಲೆ ಕೂತು ತತ್ತಿಯಿಟ್ಟುಬಿಟ್ಟಿತು, ಅಲ್ಲಿಗೆ ಮಯೋನೀಸ್ ಹುಟ್ಟಿತು. ಕಲ್ಕತ್ತೆಯ ಒಬ್ಬ, ಒಳ್ಳೆಯದೆಲ್ಲ ಹುಟ್ಟಿದ್ದು ತಮ್ಮಲ್ಲಿಯೇ, ಫ್ರೆಂಚರು ಹೆಸರನ್ನಷ್ಟೇ ಕದ್ದರೆಂದ. ಕೊನೆಗೆ ನಮ್ಮ ತರಬೇತುದಾರರು, ಫೌಜಿನಿಂದ ನಿವೃತ್ತರಾದ ಒಬ್ಬ ಹಿರಿಯರು, ತಮಗೆ ತಿಳಿದ ಕಥೆ ಹೇಳಿದರು. ಸ್ಪೇನಿನ ಕಡೆ ಸಮುದ್ರದ ನಡುವಿನ ಮಹೋನ್ ಎಂಬ ರೇವುಪಟ್ಟಣವನ್ನು ಫ್ರೆಂಚರು ಗೆದ್ದರಂತೆ; ವಿಜಯದ ಔತಣಕ್ಕೆ ಕೆನೆಯ ಸಾಸ್ ಮಾಡಲು ಹೊರಟ ಅಡುಗೆಯವನಿಗೆ ಕೆನೆ ಸಿಗಲಿಲ್ಲವಂತೆ; ಇದ್ದ ಎಣ್ಣೆಯನ್ನೇ ತತ್ತಿಯ ಹಳದಿಗೆ ಹನಿಹನಿಯಾಗಿ ಬಿಡುತ್ತ ಒಂದೇ ಕಡೆಗೆ ತಿರುವಿದನಂತೆ; ಕೆನೆಯಂಥದೇ ಒಂದು ಪದಾರ್ಥ ಎದ್ದು ಬಂತಂತೆ; ಆ ಊರಿನ ಹೆಸರೇ ಅದಕ್ಕೆ ಬಿತ್ತಂತೆ. ಅಲ್ಲ, ಅದು ಆ ಊರಿನ ಹೆಂಗಸರಿಗೆ ಮೊದಲೇ ಗೊತ್ತಿತ್ತು, ಅಡುಗೆಯವನು ಕಲಿತುಕೊಂಡು ಹೋದ ಎಂದು ಸ್ಪೇನಿನವರ ತಕರಾರು. ಕೊಟ್ಟೂರಿನ ಮಿರ್ಚಿ ಮೇಲೋ ಹರಪನಹಳ್ಳಿಯದೋ ಎಂಬ ವಾದದ ಹಾಗೆ ಇದೂ ಇನ್ನೂ ಇತ್ಯರ್ಥವಾಗಿಲ್ಲ. "ಈಗ ಮೂರನೆಯ ಹಕ್ಕುದಾರರು ಬಂದಿದ್ದಾರೆ, ಕೂಡ್ಲಿಗಿಯವರು, ಇವರಲ್ಲಿ ಅದನ್ನು ಮುಖಕ್ಕೆ ಹಚ್ಚುತ್ತಾರೆ" ಎಂದು ಗುರ್‌ಪ್ರೀತ್ ಮುಗಿಸಿದ. ಎಲ್ಲರೂ ನಕ್ಕರು. ನನಗೆ ಮಾತ್ರ ಆ ಕಥೆಯಲ್ಲಿ ಒಂದೇ ಒಂದು ಪದ ಕೇಳಿಸಿತ್ತು: ತತ್ತಿ. ಎರಡು ನಿಂಬೆಹಣ್ಣಿನಷ್ಟು ಹರಕೆಭಂಗ ನನ್ನ ಹೊಟ್ಟೆಯಲ್ಲಿ ಕೂತಿತ್ತು.

ಊರಿಗೆ ಬಂದಾಗ ಹಿಮದ ಕಥೆ ಕೇಳಲು ಓಣಿಯ ಏಳೆಂಟು ಮಂದಿ ನಮ್ಮ ಕಟ್ಟೆಯ ಮೇಲೆ ಆಗಲೇ ಕೂತಿದ್ದರು. ಅವ್ವ ಬಾಗಿಲಲ್ಲಿ ನಿಂತು ಮೊದಲು ಕೇಳಿದ್ದೇ ಅದನ್ನು: "ತತ್ತಿ ಮುಟ್ಟಿಲ್ಲಲ್ಲ?" ಸುಳ್ಳು ಹೇಳಬಹುದಿತ್ತು, ಆದರೆ ಏಳು ವರ್ಷದ ಹರಕೆಯನ್ನು ಹೊತ್ತವಳ ಮುಖ ನೋಡಿಕೊಂಡು ನಾಲಗೆ ಹೊರಳಲಿಲ್ಲ. ನಡೆದದ್ದನ್ನು ಹೇಳಿದೆ, ನಾಯಿಯ ಪ್ರಸಂಗವೊಂದನ್ನು ಬಿಟ್ಟು.

ಅಪ್ಪನ ಬೆನ್ನು ನೆಟ್ಟಗಾಯಿತು. "ಹಂಗಾರ ಹರಕಿ ಮುರೀತಲ್ಲೇ! ಮುರದ ಮ್ಯಾಲ ಮುರೀತು. ಈ ಭಾನುವಾರ ಒಂದು..."

"ನೀ ಸುಮ್ಕಿರು" ಎಂದ ಅವ್ವ ನನ್ನ ಕಡೆ ತಿರುಗಿದಳು. "ಗೊತ್ತಿದ್ದು ತಿಂದ್ಯೋ, ಗೊತ್ತಿಲ್ದ ತಿಂದ್ಯೋ? ಗೊತ್ತಿಲ್ದ ತಿಂದದ್ದು ಸ್ವಾಮಿಗೆ ಮುಟ್ಟಂಗಿಲ್ಲ. ಗೊತ್ತಿದ್ದು ತಿಂದಿದ್ರ ಮಾತು ಬ್ಯಾರೆ."

ಎಂಥ ಸಂಕಟ ನೋಡಿ. ಗೊತ್ತಿತ್ತು ಎಂದರೆ ಪದವಿ ಹೋಯಿತು. ಗೊತ್ತಿರಲಿಲ್ಲ ಎಂದರೆ ಪದವೀಧರ ಹೋದ. ಒಂದು ಕಡೆ ಅವ್ವನ ಮೂರು ವರ್ಷದ ವ್ರತ, ಇನ್ನೊಂದು ಕಡೆ ಕಟ್ಟೆಯ ತುಂಬ ನನ್ನನ್ನೇ ನೋಡುತ್ತಿರುವ ಊರು, ಪಕ್ಕದಲ್ಲಿ "ಗೊತ್ತಿತ್ತು ಅನ್ನೋ" ಎಂದು ಕಣ್ಣಿನಲ್ಲಿಯೇ ಬೇಡಿಕೊಳ್ಳುತ್ತಿರುವ ಅಪ್ಪ. ಗಂಟಲು ಸರಿಮಾಡಿಕೊಂಡೆ.

"ಗೊತ್ತಿರ್ಲಿಲ್ಲವ್ವಾ."

ಅಪ್ಪ ಬೀಡಿ ಹುಡುಕತೊಡಗಿದ. ಕಟ್ಟೆಯ ಮೂಲೆಯಿಂದ ಎದುರುಮನೆಯ ಬಸಣ್ಣ ಮೆಲ್ಲಗೆ ಕೇಳಿದ: "ಅಲ್ಲಪಾ, ಹೋದ ವರ್ಷ ನಮಗ ಎರಡು ಚೀಲ ಗೊಬ್ಬರ ಹಾಕ್ಸಿದ್ಯಲ್ಲ... ಅದಾದ್ರೂ ಗೊತ್ತಿತ್ತೋ?"

"ಅದೂ ಗೊತ್ತಿರ್ಲಿಲ್ಲ ಬಸಣ್ಣ" ಎಂದೆ. ಒಮ್ಮೆ ಬಾಯಿಗೆ ಬಂದ ಮೇಲೆ ಆ ಪದ ಎಷ್ಟು ಹಗುರ ಎನಿಸಿತು. ಬಸಣ್ಣ ನಕ್ಕುಬಿಟ್ಟ. "ನಂಗೂ ಅನಮಾನ ಇತ್ತು ಬಿಡು. ಒಂದಾ ಚೀಲ ಹಾಕಿದ್ದೆ."

ಜನ ಕರಗಿದ ಮೇಲೆ ಅಡುಗೆಮನೆಯಲ್ಲಿ ಅವ್ವ ಆ ಪದಾರ್ಥದ ಹುಟ್ಟನ್ನು ವಿಚಾರಿಸಿದಳು. ರೇವುಪಟ್ಟಣ, ಔತಣ, ಸಿಗದ ಕೆನೆ, ಹನಿಹನಿ ಎಣ್ಣೆ, ಒಂದೇ ಕಡೆಗೆ ತಿರುವುವುದು, ಎಲ್ಲವನ್ನೂ ಹೇಳಿದೆ. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗಲಾರಂಭಿಸಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ನೀ ಕೊಟ್ಟೂರಾಗ ತಿಂದಿದ್ದು ಏನಂತ ತಿಳಕಂಡಿ?"

"ಬೆಣ್ಣಿ. ನಮ್ಮ ಎಮ್ಮೀದು."

"ಎಮ್ಮಿ ಆ ಎರಡು ವರ್ಷ ಗಬ್ಬಾನ ನಿಲ್ಲಲಿಲ್ಲೋ. ಹಾಲು ಎಲ್ಲಿಂದ ಬರಬೇಕು? ಹಸೀ ಶೇಂಗಾ ನೆನಸಿ, ಸಿಪ್ಪಿ ಸುಲದು, ನುಣ್ಣಗ ಅರದು, ಎಣ್ಣಿ ಹನಿ ಹನಿ ಬಿಟಗಂತ ಒಂದಾ ಕಡಿ ತಿರುವ್ತಿದ್ದೆ. ಒಂದೀಟು ಲಿಂಬಿಹುಳಿ. ಕೈ ಬದಲಿ ಮಾಡಿದ್ರ ಒಡದು ನೀರಾಕ್ಕತಿ. ಉಳದ ಹುಡುಗ್ರ ಡಬ್ಬ್ಯಾಗ ಬೆಣ್ಣಿ ಇದ್ದು ನಿನ್ನ ಡಬ್ಬ್ಯಾಗ ಇಲ್ಲ ಅಂದ್ರ ನೀ ಓದ್ತಿದ್ಯೇನು?" ಆಮೇಲೆ ಕಣ್ಣೊರೆಸಿಕೊಂಡು ಕೊನೆಯ ಪ್ರಶ್ನೆ ಕೇಳಿದಳು. "ಬೆಣ್ಣಿ ಆಗಿದ್ರ ಆ ಬಾನೆಟ್ ಮ್ಯಾಲ ಕರಗ್ತಿರ್ಲಿಲ್ಲೇನೋ, ಬಿ.ಎ.?"

ಕಾಲೇಜಿನ ಆ ದಿನಗಳಲ್ಲಿ ಶನಿವಾರ ಶನಿವಾರ ಊರಿಗೆ ಬರುತ್ತಿದ್ದೆ. ಹಿತ್ತಿಲಲ್ಲಿ ಎಮ್ಮೆ ಕಟ್ಟಿರುತ್ತಿತ್ತು. ಅದರ ಬೆನ್ನು ಸವರುತ್ತಿದ್ದೆ. ಅದು ಹಾಲು ಕೊಡುತ್ತದೋ ಇಲ್ಲವೋ ಎಂದು ಒಮ್ಮೆಯೂ ನೋಡಿರಲಿಲ್ಲ. ಗೊತ್ತಿದೆ ಎಂದುಕೊಂಡವನು ನೋಡುವುದಿಲ್ಲ, ಅಷ್ಟೇ. ಮಹೋನಿನ ಜಗಳ ಹೇಗೆ ತೀರುತ್ತದೋ ತೀರಲಿ. ಕೆನೆಯಿಲ್ಲದ ಮನೆಯಲ್ಲಿ, ಯಾರದೋ ಎಲೆ ಬರಿದಾಗಬಾರದೆಂದು ಯಾವಳೋ ಒಬ್ಬಳು ತಿರುವಿದ್ದೇ ಅದರ ಮೂಲವಿರಬೇಕು ಎಂದು ಅಂದಿನಿಂದ ನನ್ನ ಪಕ್ಷ. ಹರಕೆಯ ಉಳಿದ ನಾಲ್ಕು ವರ್ಷವನ್ನು ಅಪ್ಪ ಗೊಣಗುತ್ತಲೇ ಪೂರೈಸಿದ.

ಬೇಕರಿಯ ತಿಪ್ಪೇಸ್ವಾಮಿ ಇನ್ನೂ ಸೀಸೆ ಹಿಡಿದೇ ನಿಂತಿದ್ದ. ತಿರುಗಿಸಿ ನೋಡಿದೆ. ಬದಿಯಲ್ಲಿ ಹಸಿರು ಚುಕ್ಕೆಯಿತ್ತು. ಇದಕ್ಕೆ ತತ್ತಿಯನ್ನೇ ಹಾಕಿಲ್ಲವಂತೆ. ಅವನು ಒಂದು ಚಮಚದಲ್ಲಿ ಕೊಟ್ಟ. ನೆಕ್ಕಿದೆ. ಪರವಾಗಿಲ್ಲ, ಆದರೆ ಕೈ ಬದಲಿಸಿ ತಿರುವಿದಂತಿತ್ತು.

"ಎಲ್ಲಿಂದ ಬಂತ್ರೀ ಸಾರ್ ಇದು?"

"ನಂಗೊತ್ತಿಲ್ಲೋ ತಿಪ್ಪೇಸ್ವಾಮಿ" ಎಂದೆ. "ತಡಿ, ನಮ್ಮವ್ವನ್ನ ಕೇಳಿ ಬಂದು ಹೇಳ್ತೀನಿ."