ಸೊಸೆಯ ಹೊಟ್ಟೆ ಉಬ್ಬಿದ್ದೇಕೆ?

“ಕೂತ್ಕೊಳ್ಳಮ್ಮ, ಎಷ್ಟು ತಿಂಗಳು?” ಎನ್ನುತ್ತಾ ರಾಜಾಜಿನಗರದ ಬಸ್ಸಿನಲ್ಲಿ ಅಪರಿಚಿತ ಹೆಂಗಸೊಬ್ಬರು ಎದ್ದು ನನಗೆ ಸೀಟು ಬಿಟ್ಟುಕೊಟ್ಟರು. ಪಕ್ಕದಲ್ಲಿದ್ದ ನನ್ನ ಅತ್ತೆಯ ಮುಖ ಅರಳಿತು. ನಾನು ಬಸುರಿಯಲ್ಲ ಎಂದು ನನಗೆ ಗೊತ್ತಿತ್ತು, ಆದರೂ ಆ ಸೀಟಿನಲ್ಲಿ ಕೂತೆ.

ಮಾರನೆಯ ದಿನವೇ ಅತ್ತೆ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಇದು ಮಲಬದ್ಧತೆ ಎಂದರು. ಅವರು ಕೆದಕಿ ಕೇಳಿದಾಗ ಅತ್ತೆಯ ಎದುರಿಗೇ ನಾಚಿಕೆ ಬಿಟ್ಟು ಹೇಳಿದೆ. ಎಪ್ಪತ್ತರ ದಶಕದ ನಮ್ಮ ವಠಾರದಲ್ಲಿ ಎಲ್ಲ ಮನೆಗಳಿಗೂ ಒಂದೇ ಕಕ್ಕಸು. ಬೆಳಗ್ಗೆ ಗಂಡಸರ ನಡುವೆ ಸಾಲಿನಲ್ಲಿ ನಿಲ್ಲಲು ಸಂಕೋಚಪಟ್ಟು, ತಡೆದುಕೊಂಡೇ ಫ್ಯಾಕ್ಟರಿ ಕೆಲಸಕ್ಕೆ ಓಡುತ್ತಿದ್ದೆ. ಅದೇ ಭಯಕ್ಕೆ ನೀರನ್ನೂ ಸರಿಯಾಗಿ ಕುಡಿಯುತ್ತಿರಲಿಲ್ಲ. ಇನ್ನು ತಡೆದುಕೊಳ್ಳಬಾರದು, ನೀರು, ಸೊಪ್ಪು, ಮಜ್ಜಿಗೆ ಹೆಚ್ಚು ಮಾಡಬೇಕು ಎಂದು ಡಾಕ್ಟರು ಹೇಳಿ ಕಳಿಸಿದರು.

ವಾಪಸು ಬರುವಾಗ ಅತ್ತೆ ನನ್ನನ್ನು ಬಿಟ್ಟು ಮುಂದೆ ಮುಂದೆ ನಡೆದರು. ಮೊಮ್ಮಗುವಿನ ಆಸೆ ಮುರಿದು ಕೋಪ ಬಂದಿದೆ ಅಂದುಕೊಂಡೆ. ಬೆಳಗ್ಗೆ ಎದ್ದು ನೋಡಿದರೆ, ಅವರು ಆಗಲೇ ಬಕೆಟ್ ಹಿಡಿದು ಕಕ್ಕಸಿನ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದರು. “ಬಾರೇ, ಹೋಗು. ಅವಸರ ಮಾಡ್ಬೇಡ, ನಾನಿಲ್ಲೇ ಇರ್ತೀನಿ,” ಎಂದರು. ದಿನಾ ಹಾಗೇ ನಿಂತರು. ಕೆಲವು ವಾರಗಳಲ್ಲಿ ನನ್ನ ಹೊಟ್ಟೆ ಹಗುರಾಯಿತು.

ಅಲ್ಲಿಂದಾಚೆಗೆ ಅತ್ತೆಯ ಹತ್ತಿರ ಹೇಳಿಕೊಳ್ಳಲು ನಾಚಬೇಕಾದ ನೋವು ನನಗೆ ಯಾವುದೂ ಉಳಿಯಲಿಲ್ಲ.