ಸಣ್ಣೇಗೌಡರ ಗಂಟೆ ಕಾರು

ಕಳೆದ ವರ್ಷ ಶ್ರಾವಣದ ಮೊದಲ ಸೋಮವಾರ ಬೆಳಿಗ್ಗೆ ಅಂತರಸಂತೆಯ ರೈತ ಸಣ್ಣೇಗೌಡರು ತಮ್ಮ ಕಾರಿನ ಮೂತಿಗೆ ಎತ್ತಿನ ಕೊರಳ ಗಂಟೆಯೊಂದನ್ನು ಕಟ್ಟಿದರು. ಕರೆಂಟಿನಲ್ಲಿ ಓಡುವಾಗ ಆ ಕಾರು ಸದ್ದು ಮಾಡುತ್ತಿರಲಿಲ್ಲ. ಹಿಂದಿನ ವಾರ ಸಂತೆಯಲ್ಲಿ ಅದು ಬೆನ್ನ ಹಿಂದೆ ಬಂದು ನಿಂತದ್ದು ತಿಳಿಯದೆ, ಸೊಪ್ಪು ಮಾರುವ ಹೆಂಗಸೊಬ್ಬರು ಬೆನ್ನು ನೆಟ್ಟಗೆ ಮಾಡಲು ಹೋಗಿ ಬಾನೆಟ್ಟಿನ ಮೇಲೆ ಕೂತುಬಿಟ್ಟಿದ್ದರು. ಹಾರ್ನ್ ಇದೆಯಲ್ಲ ಎಂದು ಕೇಳಿದೆ. ಹಾರ್ನ್ ಬೈದಂಗೆ ಕೇಳುತ್ತದೆ, ಗಂಟೆ ಬಂದೆ ಅಂದಂಗೆ ಕೇಳುತ್ತದೆ ಎಂಬುದು ಗೌಡರ ಉತ್ತರ.

ಆಗ ನಾನು ಎಚ್.ಡಿ. ಕೋಟೆಯಲ್ಲಿ ಪತ್ರಿಕೆಯೊಂದರ ತಾಲ್ಲೂಕು ವರದಿಗಾರ. ಗೌಡರು ಹೆಸರಿಗೆ ಸಣ್ಣವರು. ಬಾಗಿಲಲ್ಲಿ ನಿಂತರೆ ಮನೆಯೊಳಗೆ ಬೆಳಕು ಕಡಿಮೆಯಾಗುತ್ತಿತ್ತು. ಮೀಸೆಗೆ ಹರಳೆಣ್ಣೆ ಹಚ್ಚುತ್ತಿದ್ದರು, ಕಾರು ಹತ್ತಿದ ಕೂಡಲೇ ಒಳಗಿನ ಕನ್ನಡಿಯನ್ನು ರಸ್ತೆಯ ಕಡೆಗಲ್ಲ, ಮೀಸೆಯ ಕಡೆಗೆ ತಿರುಗಿಸುತ್ತಿದ್ದರು. ನನ್ನನ್ನು ಎಂದೂ ಹೆಸರು ಹಿಡಿದು ಕರೆದವರಲ್ಲ. ಊರಿನ ಯಾವ ಸುದ್ದಿ ಹೇಳಿದರೂ ಮುಗಿಸುತ್ತಿದ್ದುದು ಒಂದೇ ಮಾತಿನಿಂದ: “ಬರ್ಕಳಿ ಪೇಪರ್‌ನೋರೆ. ಎಸ್ರು ಮಾತ್ರ ಆಕ್‌ಬ್ಯಾಡಿ.”

ಆ ಕಾರು ಊರಿಗೆ ಬರಲು ಕಾರಣ ಅವರ ಹೆಂಡತಿಯ ತಮ್ಮ ಮಾದೇವ. ಆತನದು ಕೋಟೆಯ ರಸ್ತೆಯಲ್ಲಿ ಪೆಟ್ರೋಲ್ ಬಂಕ್, ಬಂಕಿನ ಹಿಂದೆಯೇ ಮನೆ. ಗೌಡರ ಹಳೆಯ ಕಾರು ಅಲ್ಲಿಯೇ ಪೆಟ್ರೋಲ್ ಕುಡಿಯುತ್ತಿತ್ತು. ಹಾಕಿಸಿಕೊಂಡಾದ ಮೇಲೆ ಪೈಪನ್ನು ಮೇಲೆತ್ತಿ, ಬಳುಕಿಸಿ, ನಳಿಕೆಯನ್ನು ಟ್ಯಾಂಕಿನ ಬಾಯಿಗೆ ತಟ್ಟಿ, ಕೊನೆಯ ತೊಟ್ಟು ಬಿದ್ದ ಸದ್ದು ಕಿವಿಯಾರೆ ಕೇಳಿದ ಮೇಲೆಯೇ ಅವರು ಮುಚ್ಚಳ ಹಾಕುವುದು. ಒಂದು ದಿನ ಹಿಂದೆ ಸಾಲು ಬೆಳೆದಿದ್ದಾಗ ಮಾದೇವ ಎಲ್ಲರ ಎದುರು, ಪೈಪು ಹಿಂಡಿದ್ದು ಸಾಕು ಭಾವ, ಬಿಚ್ಚಿ ಕೊಡುತ್ತೇನೆ, ಮನೆಯಲ್ಲಿ ತಂತಿಗೆ ಒಣಹಾಕಿಕೊಳ್ಳಿ ಎಂದ. ಸಾಲಿಗೆ ಸಾಲೇ ನಕ್ಕಿತು. ಗೌಡರು ಮುಚ್ಚಳ ಹಾಕಿದರು, ಮೀಸೆಯ ಮೇಲೆ ಕೈಯಿಟ್ಟರು.

“ಇನ್‌ಮ್ಯಾಕೆ ನಿನ್ ಬಂಕಿನ ಒಂದು ತೊಟ್ಟು ನನ್ ಗಾಡಿಗೆ ಬಿದ್ರೆ, ಈ ಮೀಸೆ ಬೋಳುಸ್ಬುಡ್ಲಾ, ನೀನೇ.”

ಬೇರೆ ಬಂಕುಗಳಿಗೇನೂ ಬರವಿರಲಿಲ್ಲ. ಆದರೆ ಬೇರೆ ಕಡೆ ಹಾಕಿಸಿದರೆ ಅದು ಮುನಿಸು, ಪೆಟ್ರೋಲೇ ಬೇಡವೆಂದರೆ ಅದು ಗೆಲುವು ಎಂದು ಗೌಡರು ನನಗೆ ವಿವರಿಸಿದರು. ಹಾಗಾಗಿ ದಲ್ಲಾಳಿಯೊಬ್ಬನ ಮೂಲಕ ಕೊಡಗಿನ ತೋಟದ ಸಾಹುಕಾರರೊಬ್ಬರ ಹಳೆಯ ಕಾರು ಕೊಂಡರು. ಬಲಗಡೆ ಪ್ಲಗ್ ಚುಚ್ಚುವ ಬಾಯಿ ಇತ್ತು. ದಲ್ಲಾಳಿ ಅದನ್ನು ತೋರಿಸಿದ. ಎಡಗಡೆಯೂ ಒಂದು ಬಾಯಿ ಇರುವುದನ್ನು ತೋರಿಸಲಿಲ್ಲ. ಗೌಡರಿಗೆ ಅದು ಮೊದಲೇ ಗೊತ್ತಿತ್ತೋ ಇಲ್ಲವೋ ಎಂಬುದಕ್ಕೆ ನನ್ನ ಬಳಿ ಆಧಾರವಿಲ್ಲ.

ನನಗೆ ಗೊತ್ತಾದದ್ದು ಸಾರಿಗೆ ಕಚೇರಿಯಲ್ಲಿ. ಕರೆಂಟಿನ ಗಾಡಿಗಳಿಗೆ ಸರ್ಕಾರ ಹಸಿರು ನಂಬರ್ ಬೋರ್ಡು, ತೆರಿಗೆ ರಿಯಾಯಿತಿ, ಸಹಾಯಧನ ಎಂದೆಲ್ಲ ಕೊಡುತ್ತದೆಂದು ಕೇಳಿದ್ದ ಅವರು ನನ್ನನ್ನೂ ಜೊತೆಗೆ ಕರೆದೊಯ್ದಿದ್ದರು. ಅಧಿಕಾರಿ ಕಾರನ್ನು ಒಂದು ಸುತ್ತು ಬಂದು, ಎಡಗಡೆಯ ಮುಚ್ಚಳ ತೆಗೆದು ಮೂಸಿದರು. ಇದು ಎರಡರಲ್ಲೂ ಓಡುವ ಗಾಡಿ, ಪೆಟ್ರೋಲ್ ಟ್ಯಾಂಕ್ ಇರುವುದಕ್ಕೆ ಹಸಿರು ಬೋರ್ಡೂ ಇಲ್ಲ, ಉಳಿದದ್ದೂ ಇಲ್ಲ ಎಂದರು.

“ಟ್ಯಾಂಕ್ ಐತೆ ಅಂತ ಕುಡೀಲೇಬೇಕಾ ಸ್ವಾಮಿ? ನಮ್ಮೂರಲ್ಲಿ ಬ್ರಾಂದಿ ಅಂಗ್ಡಿ ಐತೆ. ನಾನು ಕುಡಿಯಕಿಲ್ಲ.”

ಅಧಿಕಾರಿ ನಕ್ಕರು. ಬೋರ್ಡು ಕೊಡಲಿಲ್ಲ. ಗೌಡರು ಅಲ್ಲಿಂದ ಮನೆಗೆ ಬರದೆ, ಸಾಹುಕಾರರ ಕಾಲದ ಪೆಟ್ರೋಲು ಪೂರ್ತಿ ಮುಗಿಯುವವರೆಗೆ ವೀರನಹೊಸಹಳ್ಳಿಯ ಕಡೆಗೆ ಸುಮ್ಮನೆ ಓಡಾಡಿ ಬಂದರು. ಮರುದಿನ ಎಡಗಡೆಯ ಮುಚ್ಚಳದ ಅಳತೆಗೆ ಸರಿಯಾಗಿ ದೇವತೆ ಚಿಕ್ಕದೇವಮ್ಮನ ಪಟ ಅಂಟಿಸಿದರು. ಅದಕ್ಕೆ ಕುಂಕುಮವಿಟ್ಟು ಹೂವು ಮುಡಿಸುವ ಕೆಲಸ ಹೆಂಡತಿ ಜಯಮ್ಮನದು. ಒಳಗೆ ಪೆಟ್ರೋಲಿನ ಮುಳ್ಳು ತೋರಿಸುವ ಮೂಲೆಗೆ ಪ್ರಸಾದದ ಪೊಟ್ಟಣ ಅಂಟಿಸಿ ಮುಚ್ಚಿದರು. ಹೀಗಾಗಿ ಕಾರು ಹತ್ತಿದವರಿಗೆ ಯಾವ ಅನುಮಾನವೂ ಬರಲಿಲ್ಲ. ಹತ್ತುವ ಮೊದಲು ಪೆಟ್ರೋಲ್ ಮುಚ್ಚಳವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡವರನ್ನು ನಾನು ಕಂಡಿದ್ದೇನೆ. ಅವರಲ್ಲಿ ಒಬ್ಬರು ಗ್ರಾಮ ಪಂಚಾಯಿತಿ ಸದಸ್ಯರು.

ಚಾರ್ಜಿಂಗ್ ವ್ಯವಸ್ಥೆಯೂ ಹೇಳಬೇಕಾದದ್ದೇ. ಮನೆಯಲ್ಲಿ ಪ್ಲಗ್ ಚುಚ್ಚಲು ಜಯಮ್ಮ ಬಿಡಲಿಲ್ಲ. ಸರ್ಕಾರದ ಉಚಿತ ಕರೆಂಟಿನ ಯೋಜನೆ ಬಂದ ಮೇಲೆ ಅವರ ಮನೆಗೆ ತಿಂಗಳು ತಿಂಗಳೂ ಸೊನ್ನೆ ಬಿಲ್ಲು ಬರುತ್ತಿತ್ತು. ಆ ಸೊನ್ನೆ ಕೆಡಿಸಿದರೆ ಅಡುಗೆ ಮನೆಗೆ ನೀವೇ ಬರಬೇಕಾಗುತ್ತದೆ ಎಂದು ಹೇಳಿದ್ದರು. ಗೌಡರು ಕಾರನ್ನು ಜಮೀನಿನ ಪಂಪ್‌ಸೆಟ್ ಮನೆಗೆ ಒಯ್ದರು. ಪಂಪಿಗೆ ತ್ರೀ ಫೇಸ್ ಕೊಡುವುದು ಸರದಿಯ ಮೇಲೆ, ಒಂದು ವಾರ ಹಗಲು, ಒಂದು ವಾರ ರಾತ್ರಿ. ಅದು ಬಂದಾಗ ಒಂದು ಕಡೆ ಮೋಟಾರು ನೀರೆತ್ತುತ್ತಿತ್ತು, ಇನ್ನೊಂದು ಕಡೆ ಕಾರು ಚಾರ್ಜಾಗುತ್ತಿತ್ತು. ಅವರನ್ನು ನಾಮಕರಣಕ್ಕೋ ಮದುವೆಗೋ ಕರೆಯುವವರು ಪಂಚಾಂಗದ ಜೊತೆಗೆ ಲೈನ್‌ಮನ್‌ನನ್ನೂ ಕೇಳಬೇಕಾಯಿತು.

ಪಂಪಿನ ಕರೆಂಟು ಪಂಪಿಗಷ್ಟೇ ಎಂದು ಲೈನ್‌ಮನ್ ಒಮ್ಮೆ ತಕರಾರು ತೆಗೆದ. ಗೌಡರು ಅವನಿಗೆ ಎಳನೀರು ಕೆತ್ತಿಕೊಟ್ಟು, ಸರ್ಕಾರ ಬಲಗೈಯಲ್ಲಿ ಕೊಡಲಿಲ್ಲ, ಅದರ ಎಡಗೈಯಿಂದ ಇಸಿದುಕೊಳ್ಳುತ್ತಿದ್ದೇನೆ ಎಂದರು. ಲೈನ್‌ಮನ್ ಎಳನೀರು ಕುಡಿದು ಹೋದ. ಗೌಡರು ನನ್ನ ಕಡೆ ತಿರುಗಿ, ಇದನ್ನು ಬರೆದುಕೊಳ್ಳುವುದೂ ಬೇಡ ಎಂದರು.

ಈ ಗೆಲುವಿನಲ್ಲಿ ಸೋತವರು ಜಯಮ್ಮ. ಅವರ ತಾಯಿ ಇದ್ದದ್ದು ಮಾದೇವನ ಮನೆಯಲ್ಲಿ. ಜಗಳದ ದಿನದಿಂದ ಜಯಮ್ಮ ಆ ಹೊಸಿಲು ತುಳಿದಿರಲಿಲ್ಲ. ಒಬ್ಬಳೇ ಹೋದರೆ ಗಂಡನನ್ನು ಬಿಟ್ಟು ಬಂದಳು ಎಂದು ಬಂಕಿನ ಸಾಲು ಮತ್ತೆ ನಗುತ್ತದೆ ಎನ್ನುತ್ತಿದ್ದರು. ನೀವು ಬಂದರೆ ನಾನು ಎಂದು ಗಂಡನಿಗೆ ಹೇಳಿದ್ದರು. ಗೌಡರು ಆ ಮಾತು ಬಂದಾಗಲೆಲ್ಲ ಗಂಟೆ ಒರೆಸಲು ಹೋಗುತ್ತಿದ್ದರು.

ಈ ವರ್ಷ ಯುಗಾದಿ ಕಳೆದ ಮೇಲೆ ಒಂದು ಸಂಜೆ ಗಾಳಿ ಮಳೆಗೆ ಕಂಬಗಳು ಉರುಳಿ ಊರಿಗೇ ಕರೆಂಟು ಹೋಯಿತು. ಅದೇ ವಾರ ಜಯಮ್ಮನ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಮಗಳನ್ನೂ ಅಳಿಯನನ್ನೂ ನೋಡಬೇಕು, ಬೇಗ ಬನ್ನಿ ಎಂದು ಫೋನು ಬಂತು. ಬಿದ್ದ ಕಂಬಗಳ ಸುದ್ದಿಗೆಂದು ನಾನು ಊರಿಗೆ ಹೋಗಿದ್ದ ಬೆಳಿಗ್ಗೆ ಗೌಡರು ಜಗುಲಿಯಲ್ಲಿ ಕೂತಿದ್ದರು. ಅತ್ತೆಯನ್ನು ನೋಡಲು ಒಪ್ಪಿದ್ದರು. ಆದರೆ ಕಾರಿನಲ್ಲಿ ಚಾರ್ಜಿರಲಿಲ್ಲ, ಬಸ್ಸಿನಲ್ಲಿ ಹೋಗಿ ಬಂಕಿನ ಮುಂದೆ ಇಳಿಯಲು ಅವರು ತಯಾರಿರಲಿಲ್ಲ.

ಜಯಮ್ಮ ಹೊಸ ಸೀರೆಯುಟ್ಟು ಬಂದು, ಒಂದು ಸಲ ಗುಂಡಿ ಒತ್ತಿ ನೋಡಿ ಎಂದರು. ಗೌಡರು ಒತ್ತಿದರು. ಕಾರು ಗುಟುರು ಹಾಕಿತು. ಊರೊಳಗೆ ಮೊದಲ ಸಲ ಅದರ ಎಂಜಿನ್ನಿನ ದನಿ ಕೇಳಿ ಎದುರು ಮನೆಯ ನಾಯಿ ಎದ್ದು ಬೊಗಳಿತು.

ಗೌಡರು ಕೆಳಗಿಳಿದು ಎಡಗಡೆಯ ಪಟಕ್ಕೆ ಕೈಮುಗಿದರು. ಕೋಟೆಯವರೆಗೂ ಅದೇ ಮಾತು: ಒಂದು ತೊಟ್ಟು ಪೆಟ್ರೋಲಿಲ್ಲದೆ ಎಂಜಿನ್ ಓಡುತ್ತಿದೆ, ತಾಯಿಯ ಮಹಿಮೆ, ಇದನ್ನು ಬೇಕಾದರೆ ಹೆಸರು ಹಾಕಿಯೇ ಬರೆಯಿರಿ. ನಾನು ಹಿಂದಿನ ಸೀಟಿನಲ್ಲಿದ್ದೆ. ಜಯಮ್ಮ ದಾರಿಯುದ್ದಕ್ಕೂ ಕಿಟಕಿಯ ಆಚೆ ನೋಡುತ್ತಿದ್ದರು.

ಮಾದೇವ ಬಂಕಿನಿಂದ ಓಡಿಬಂದು ಅಕ್ಕನ ಕೈಯಿಂದ ಚೀಲ ತೆಗೆದುಕೊಂಡ. ಗೌಡರು ಅವನನ್ನು ನೋಡದೆ, ಗೋಡೆಗೆ ಹೇಳುವಂತೆ, ಪೆಟ್ರೋಲಿಲ್ಲದೆ ಬಂದೆವು ಎಂದರು. ಮಾದೇವ ಅಕ್ಕನ ಮುಖ ನೋಡಿ, ಚೀಲ ಹಿಡಿದು ಒಳಗೆ ನಡೆದ. ಒಳಗೆ ಮಂಚದ ಮೇಲೆ ಮಲಗಿದ್ದ ಮುದುಕಿ ಮಗಳ ಕೈ ಹಿಡಿದುಕೊಂಡೇ ಅಳಿಯನನ್ನು ವಿಚಾರಿಸಿಕೊಂಡರು.

“ಬಂದ್ರಾ ಅಳೀಮಯ್ಯ? ಮಾದೇವ ಆಲಿನ ವ್ಯಾನಲ್ಲಿ ಕ್ಯಾನ್ ಕಳ್ಸಿದ್ನಲ್ಲ, ಆ ಪೆಟ್ರೋಲು ಸಾಕಾಯ್ತಾ?”

ಗೌಡರು ಹೆಂಡತಿಯ ಕಡೆ ತಿರುಗಿದರು.

“ಯಾವಾಗ ಉಯ್ದೆ?”

“ಊವ ಮುಡ್ಸೋವಾಗ,” ಎಂದರು ಜಯಮ್ಮ. “ಮೀಸೆ ಓದ್ರೆ ಮತ್ತೆ ಬತ್ತದೆ. ಅವ್ವ ಬತ್ತಾಳಾ?”

ಪೆಟ್ರೋಲಿನ ಮುಳ್ಳು ಪೊಟ್ಟಣದ ಹಿಂದೆ ಇದ್ದುದರಿಂದ ಗೌಡರಿಗೆ ತಿಳಿಯುವ ದಾರಿಯೇ ಇರಲಿಲ್ಲ. ಅವರು ಸ್ವಲ್ಪ ಹೊತ್ತು ಅತ್ತೆಯ ಕಾಲ ಬಳಿ ಕೂತರು. ಆಮೇಲೆ ಅಂಗಳಕ್ಕೆ ಬಂದು ಕುರ್ಚಿ ಎಳೆದುಕೊಂಡು, ಮಾದೇವನಿಗೆ ರೇಜರ್ ತರಲು ಹೇಳಿದರು. ಅವನು ಬೇಡ ಬುಡಿ ಭಾವ, ನಾನೂ ಅವತ್ತು ಹಂಗೆ ಅನ್ನಬಾರದಿತ್ತು ಎಂದ. ಗೌಡರು ಕೇಳಲಿಲ್ಲ.

“ತತ್ತಾ ಅಂದ್ನಲ್ಲ. ಬಲಗಡೆಯಿಂದ ಸುರು ಮಾಡು. ಎಡಗಡೆ ಅವಳ್ದು.”

ಮಾದೇವ ಬಲಗಡೆ ಬೋಳಿಸಿ ರೇಜರನ್ನು ಅಕ್ಕನಿಗೆ ಕೊಟ್ಟ. ಎಡಗಡೆಯನ್ನು ಮುಗಿಸಿದವರು ಜಯಮ್ಮ. ಮುದುಕಿ ಮಂಚದಿಂದಲೇ ಕತ್ತೆತ್ತಿ ನೋಡಿ, ಮದುವೆಯಲ್ಲಿ ಹಿಂಗೇ ಇದ್ದರು ಎಂದರು.

ನನಗೆ ಮೈಸೂರಿಗೆ ವರ್ಗವಾಯಿತು. ಹೊರಡುವ ಹಿಂದಿನ ದಿನ ಗೌಡರನ್ನು ಕೊನೆಯ ಬಾರಿ ಕಂಡದ್ದು ಮಾದೇವನ ಬಂಕಿನಲ್ಲಿ. ಮೇಲ್ದುಟಿಯ ಮೇಲೆ ಬೆಳ್ಳಗೆ ಚಿಗುರು ಬಂದಿತ್ತು. ಪೈಪನ್ನು ಮೇಲೆತ್ತಿ ಬಳುಕಿಸುತ್ತಿದ್ದರು, ಹಿಂದೆ ಸಾಲು ಕಾಯುತ್ತಿತ್ತು, ಮಾದೇವ ಬೇರೆ ಕಡೆ ನೋಡುತ್ತಿದ್ದ. ಕಾರಿನ ಮೂತಿಯಲ್ಲಿ ಗಂಟೆ ಇರಲಿಲ್ಲ. ಎಲ್ಲಿ ಎಂದು ಕೇಳಿದೆ. ನಳಿಕೆಯನ್ನು ಟ್ಯಾಂಕಿನ ಬಾಯಿಗೆ ತಟ್ಟುತ್ತಲೇ ಅವರು ಬಂಕಿನ ಹಿಂದಿನ ಮನೆಯ ಕಡೆ ಗದ್ದ ತೋರಿಸಿದರು.

ಗಂಟೆ ಈಗ ಮುದುಕಿಯ ಮಂಚದ ಕಾಲಿಗೆ ಕಟ್ಟಿದೆ. ನೀರು ಬೇಕಾದಾಗ ಅವರು ದಾರ ಎಳೆಯುತ್ತಾರೆ. ಜಯಮ್ಮ ತಾಯಿಯ ಆರೈಕೆಗೆ ಅಲ್ಲಿಯೇ ಇದ್ದಾರೆ.