ಒಣಗಿದ ಹುಣ್ಣಿನ ಸೂಜಿ

ಬೀಬಿಸೋನಳಿಗೆ ತಂಗಿಯ ಮೇಲೆ ಹೊಟ್ಟೆಕಿಚ್ಚು. ಮುಚ್ಚಿಟ್ಟು ಪ್ರಯೋಜನವಿಲ್ಲ, ಮರುಭೂಮಿಯ ಮುರ್ಗಾಬ್ ಕಾಲುವೆ ದಡದ ಆ ಊರಿಗೆಲ್ಲ ಗೊತ್ತಿದ್ದದ್ದೇ. ಗೊತ್ತಿಲ್ಲದವಳೆಂದರೆ ತಂಗಿ ಐಜೆಮಾಲ್ ಒಬ್ಬಳೇ.

ಆ ಕಡೆ ರಾತ್ರಿ ಹೊತ್ತು ಹಾರುವ ಮರಳುನೊಣ ಕಚ್ಚಿದರೆ ಹುಣ್ಣಾಗಿ, ತಿಂಗಳುಗಟ್ಟಲೆ ಸೋರಿ, ಕಲೆ ಉಳಿಸಿ ಹೋಗುತ್ತದೆ. ಒಮ್ಮೆ ಬಂದವರಿಗೆ ಮತ್ತೆ ಬರುವುದಿಲ್ಲ. ಅದಕ್ಕೇ ತಾಯಂದಿರು, ನೊಣ ಮುಖ ಹುಡುಕಿಕೊಂಡು ಬರುವ ಮೊದಲೇ, ಯಾರದಾದರೂ ಹಸಿ ಹುಣ್ಣಿನ ರಸ ತೆಗೆದು ಹೆಣ್ಣುಮಕ್ಕಳ ತೊಡೆಗೆ ಚುಚ್ಚುತ್ತಾರೆ. ಕಲೆ ಬಟ್ಟೆಯೊಳಗೆ ಉಳಿಯುತ್ತದೆ. ಬೀಬಿಸೋನಳಿಗೆ ಮಾತ್ರ "ಹತ್ತಿ ಬಿತ್ತನೆ ಮುಗೀಲಿ" ಎಂದು ತಾಯಿ ಮುಂದೂಡಿದಳು. ನೊಣ ಕಾಯಲಿಲ್ಲ, ಎಡಗೆನ್ನೆ ಕುಳಿಬಿತ್ತು. ಬುದ್ಧಿ ಕಲಿತ ತಾಯಿ ಐಜೆಮಾಲಳಿಗೆ ಹೊತ್ತಿಗೆ ಸರಿಯಾಗಿ ಚುಚ್ಚಿದಳು. ಅಕ್ಕನನ್ನು ನೋಡಲು ಬಂದ ಗಂಡಿನವರು ತಂಗಿಯನ್ನು ಒಪ್ಪಿ ಹೋದರು.

ಬೀಬಿಸೋನ ಔಷಧಾಲಯದಲ್ಲಿ ರೋಗಪರೀಕ್ಷೆಯ ಗಾಜಿನ ಪಟ್ಟಿ ತೊಳೆಯುವ ಕೆಲಸಕ್ಕೆ ಸೇರಿದಳು. ಒಮ್ಮೆ ಡಾಕ್ಟರಮ್ಮ ಅವಳನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು.

"ದೊಡ್ಡದಿದೆಯಲ್ಲ, ಅದು ನಮ್ಮ ಮೈ ಕಾಯೋ ಕಣ. ಒಳಗಿನ ಚುಕ್ಕಿಗಳು ರೋಗಾಣು. ನುಂಗೋಕೆ ಬಂದವನ ಹೊಟ್ಟೇಲೇ ಸಂಸಾರ ಹೂಡಿವೆ ನೋಡು."

"ಅರಗಲ್ವಾ ಅವು?"

"ಅರಗಿಸೋ ರಸಕ್ಕೂ ಜಗ್ಗಲ್ಲ. ಕಾವಲಿಗೆ ಎಚ್ಚರ ಆಗೋ ಹೊತ್ತಿಗೆ ಮನೆ ತುಂಬಿರುತ್ತೆ. ಹುಣ್ಣು ಮಾಯ್ದ ಮೇಲೂ ನಾಲ್ಕಾರು ಅಡಗಿ ಕೂತಿರ್ತವೆ. ನಿನ್ನ ಕೆನ್ನೇಲೂ ಇರಬಹುದು."

ಒಳಗೇ ಕೂತು ತಿನ್ನುವುದೆಂದರೇನೆಂದು ಬೀಬಿಸೋನಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಕ್ರಮೇಣ ಊರ ಮಕ್ಕಳಿಗೆ ಹುಣ್ಣಿನ ರಸ ಚುಚ್ಚುವುದರಲ್ಲಿ ಅವಳ ಕೈಗೆ ಹೆಸರು ಬಂತು. ಒಂದು ಚಳಿಗಾಲ ಐಜೆಮಾಲ್ ಮೂರು ವರ್ಷದ ಮಗಳು ಮರಲಳನ್ನು ಎತ್ತಿಕೊಂಡು ಔಷಧಾಲಯಕ್ಕೆ ಬಂದಳು. ಅಮ್ಮನದೇ ಮುಖ, ಅದೇ ನುಣುಪು ಕೆನ್ನೆ.

"ಅಕ್ಕಾ, ನೀನೇ ಚುಚ್ಬೇಕು."

"ಯಾಕೆ, ನಿಮ್ಮತ್ತೆ ಇಲ್ವಾ?"

"ಅತ್ತೆ ಚುಚ್ಚೋದು ಬರೀ ಮಾತಲ್ಲಿ! ಸೂಜಿ ಕಂಡ್ರೆ ಕೈ ನಡುಗುತ್ತೆ." ಐಜೆಮಾಲ್ ನಕ್ಕಳು. "ಕೆನ್ನೆ ಕೆಟ್ರೆ ಹೆಣ್ಣಿನ ಗತಿ ಏನು ಅಂತ ನಿನಗಿಂತ ಯಾರಿಗೆ ಗೊತ್ತು ಹೇಳು."

ಪ್ರೀತಿಯಿಂದಲೇ ಹೇಳಿದಳು. ಪ್ರೀತಿಯಿಂದ ಹೇಳಿದ್ದಕ್ಕೇ ಬೀಬಿಸೋನಳ ಮೈಯೆಲ್ಲ ಉರಿಯಿತು. ಹೊರಗೆ ಇಬ್ಬರು ರೋಗಿಗಳು ಕೂತಿದ್ದರು. ಕುರಿ ಕಾಯುವವನದು ಹಸಿ ಹುಣ್ಣು, ಮುದುಕನದು ಒಣಗಿ ಹಕ್ಕಳೆ ಉದುರುತ್ತಿದ್ದದ್ದು. ಅವಳು ಸೂಜಿ ಹಿಡಿದು ಮುದುಕನ ಬಳಿಗೆ ಹೋದಳು. ಚುಚ್ಚಿದರೆ ಹತ್ತುವಷ್ಟು ಜೀವ ಅದರಲ್ಲಿಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮಗುವಿನ ತೊಡೆಯಲ್ಲಿ ಸಣ್ಣ ಗುಳ್ಳೆ ಎದ್ದು ಎರಡೇ ವಾರದಲ್ಲಿ ಆರಿತು. ಬೇಗ ಮಾಯ್ದದ್ದು ಅಕ್ಕನ ಕೈಗುಣವೆಂದು ಐಜೆಮಾಲ್ ಊರೆಲ್ಲ ಹೊಗಳಿಕೊಂಡು ಬಂದಳು. ಮತ್ತೆ ಚುಚ್ಚಲು, ನೊಣ ಏಳುವ ವಸಂತದವರೆಗೂ ಸಮಯವಿತ್ತು. ನಾಳೆ ಹೇಳೋಣ ಎಂದುಕೊಳ್ಳುತ್ತಲೇ ಬೀಬಿಸೋನ ಸುಮ್ಮನಿದ್ದಳು. ಸುಮ್ಮನಿರುವುದರಲ್ಲಿ ಒಂದು ರುಚಿಯೂ ಇತ್ತು, ಸುಳ್ಳೇಕೆ.

ಬೇಸಿಗೆಯ ಒಂದು ನಡುಹಗಲು ಐಜೆಮಾಲ್ ಮಗಳ ಜೊತೆ ಬಿಸಿ ರೊಟ್ಟಿ ತಂದಳು.

"ಅಕ್ಕಾ, ನೊಣದ ಪರದೆ ಬಿಚ್ಚಿ ಎತ್ತಿಟ್ಟೆ. ಅತ್ತೆ ಬೇಡ ಅಂದ್ರು, ನಮ್ಮಕ್ಕನ ಕೈ ಬಿದ್ದಿದೆ ಅಂದೆ. ಮೂರು ದಿನದಿಂದ ಮರಲ್ ಅಂಗಳದಲ್ಲೇ ಮಲಗ್ತಿದಾಳೆ."

ಮಗುವಿನ ಹುಬ್ಬಿನ ಮೇಲೆ ಕೆಂಪಗೆ ಒಂದು ಕಚ್ಚಿದ ಗುರುತು ಇತ್ತು.

"ಪರದೆ ಕಟ್ಟು," ಎಂದಳು ಬೀಬಿಸೋನ. "ಇವತ್ತೇ ಕಟ್ಟು. ನಾನು ಚುಚ್ಚಿದ್ದು ಸತ್ತ ರಸ. ಗೊತ್ತಿದ್ದೇ ಚುಚ್ಚಿದೆ."

"ಯಾಕಕ್ಕಾ?"

ತಂಗಿಯ ಕಣ್ಣು ಅಕ್ಕನ ಎಡಗೆನ್ನೆಯ ಮೇಲೆ ಬಂದು ನಿಂತಿತು. ಐಜೆಮಾಲ್ ತನ್ನ ಶಾಲು ತೆಗೆದು ಮಗಳ ಮುಖಕ್ಕೆ ಬಿಗಿಯಾಗಿ ಸುತ್ತಿ, ಎತ್ತಿಕೊಂಡು ಹೊರಟಳು. ಆ ಬಿಸಿಲಲ್ಲಿ ಒಂದು ನೊಣವೂ ಹಾರುತ್ತಿರಲಿಲ್ಲ.